ಬೇಲಿಯ ಮಹಜರು

1989ರ ಮೇ ತಿಂಗಳ ಕೊನೆಗೆ ನಾನು ನಮೀಬಿಯಾದ ಉತ್ತರಕ್ಕಿರುವ ಓವಾಂಬೊಲ್ಯಾಂಡಿನಲ್ಲಿದ್ದೆ. ತಲೆಯ ಮೇಲೆ ವಿಶ್ವಸಂಸ್ಥೆಯ ನೀಲಿ ಟೋಪಿ. ಸೊಂಟದಲ್ಲಿ ಪಿಸ್ತೂಲಿಲ್ಲ, ಕೈಯಲ್ಲಿ ಲಾಠಿಯೂ ಇಲ್ಲ. ಕೊಪ್ಪಳದ ಕಡೆಯ ಠಾಣೆಗಳಲ್ಲಿ ಕೆಲಸ ಮಾಡಿ ಬಂದವನಿಗೆ ಇದು ಎಂಥ ಪೊಲೀಸ್ ಕೆಲಸ ಎಂದು ಅರ್ಥವಾಗಲು ವಾರವೇ ಬೇಕಾಯಿತು.

ಮೊದಲ ಮಹಾಯುದ್ಧದ ನಂತರ ಉಸ್ತುವಾರಿಗೆಂದು ಸಿಕ್ಕ ಆ ನೆಲವನ್ನು ದಕ್ಷಿಣ ಆಫ್ರಿಕಾ ಬಿಟ್ಟುಕೊಟ್ಟಿರಲಿಲ್ಲ. ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಚುನಾವಣೆ ನಡೆಸಿ ಅದನ್ನು ಸ್ವತಂತ್ರಗೊಳಿಸಬೇಕೆಂದ ಭದ್ರತಾ ಮಂಡಳಿಯ 1978ರ 435ನೇ ನಿರ್ಣಯ ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಂದು. ಅದೇ ದಿನ ಗಡಿಯಲ್ಲಿ ಕಾಳಗ ಶುರುವಾಗಿ, ಕೆಲವೇ ದಿನಗಳಲ್ಲಿ, ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಸ್ವಾಪೊ ಸಂಘಟನೆಯ ಮುನ್ನೂರಕ್ಕೂ ಹೆಚ್ಚು ಹೋರಾಟಗಾರರು ಸತ್ತರು. ಐನೂರಿದ್ದ ನಮ್ಮಂಥ ವಿಶ್ವಸಂಸ್ಥೆಯ ಪೊಲೀಸ್ ವೀಕ್ಷಕರನ್ನು ಸಾವಿರಕ್ಕೆ, ಆಮೇಲೆ ಸಾವಿರದ ಐನೂರಕ್ಕೆ ಏರಿಸಿದರು. ಸೇನಾ ತುಕಡಿಗಳ ಮುಖ್ಯಸ್ಥರು ನಮ್ಮವರೇ, ದಿವಾನ್ ಪ್ರೇಮ್ ಚಂದ್.

ಕಾನೂನು ಸುವ್ಯವಸ್ಥೆ ಹಳೆಯ ಆಡಳಿತದ ಪೊಲೀಸರ ಕೈಯಲ್ಲೇ ಇತ್ತು. ನಾವು ಯಾರನ್ನೂ ಬಂಧಿಸುವಂತಿಲ್ಲ. ಗಸ್ತಿನ ಹಿಂದೆ ಹೋಗಬೇಕು, ನೋಡಬೇಕು, ಬರೆಯಬೇಕು. ಅವರ ಕ್ಯಾಸ್ಪಿರ್ ಗಾಡಿಗಳು ನೆಲಬಾಂಬಿಗೂ ಜಗ್ಗದೆ ಪೊದೆಗಳ ನಡುವೆ ನುಗ್ಗುತ್ತಿದ್ದವು. ನಮ್ಮ ಹಗುರ ಗಾಡಿ ಮರಳಿನಲ್ಲಿ ಹೂತು, ಅದನ್ನೆತ್ತಿ ಹೊರಡುವಷ್ಟರಲ್ಲಿ ಅವರೆಬ್ಬಿಸಿದ ಧೂಳೂ ಇಳಿದಿರುತ್ತಿತ್ತು.

ನನ್ನ ಮೊದಲ ವರದಿಯಲ್ಲಿ ‘ಗ್ರಾಮಸ್ಥರಿಗೆ ಕಿರುಕುಳ’ ಎಂದು ಬರೆದಿದ್ದೆ. ಮೇಲಧಿಕಾರಿ ವಾಪಸು ಕಳಿಸಿದರು: ಯಾವ ಊರು, ಎಷ್ಟು ಹೊತ್ತಿಗೆ, ಏನು ಹಾನಿ? ನಾಚಿಕೆಯಾಯಿತು. ಊರಲ್ಲಿ ಕೋಳಿ ಕಳವಾದರೂ ಮಹಜರು ಬರೆಯುತ್ತಿದ್ದವನು ನಾನು.

ಅಲ್ಲಿಂದ ಗಾಡಿಗಳನ್ನು ಅಟ್ಟಿಸಿಕೊಂಡು ಹೋಗುವುದನ್ನು ಬಿಟ್ಟು, ಅವು ಹೋಗಿಬಂದ ಜಾಗಕ್ಕೆ ಹೋಗತೊಡಗಿದೆ. ಒಬ್ಬ ಮುದುಕಿಯ ಮನೆಯ ಸುತ್ತ ನೆಟ್ಟಿದ್ದ ಗೂಟದ ಬೇಲಿ ನೆಲಸಮವಾಗಿತ್ತು. ಹೊಲದ ನಡುವೆ ಎರಡು ಅಗಲವಾದ ಪಟ್ಟೆ. ಬಿದ್ದಿದ್ದ ತೆನೆಯೊಂದನ್ನು ಅಂಗೈಯಲ್ಲಿ ಉಜ್ಜಿ ಊದಿದೆ. ಅವರು ‘ಮಹಾಂಗು’ ಎನ್ನುವುದು ನಮ್ಮ ಸಜ್ಜೆಯೇ! ಕೊಯ್ಲಿನ ಹೊತ್ತಿನಲ್ಲಿ ಅಷ್ಟು ತೆನೆ ಮಣ್ಣುಪಾಲಾದರೆ ಮನೆಗೆ ಏನಾಗುತ್ತದೆ ಎಂಬುದನ್ನು ನನಗೆ ಯಾರೂ ಅನುವಾದಿಸಿ ಹೇಳಬೇಕಾಗಿರಲಿಲ್ಲ. ಮುರಿದ ಗೂಟಗಳನ್ನು ಎಣಿಸಿದೆ: ಮೂವತ್ತೊಂದು. ಪಟ್ಟೆಯ ಉದ್ದವನ್ನು ಹೆಜ್ಜೆಯಲ್ಲಿ ಅಳೆದೆ. ನೆರೆಯ ಇಬ್ಬರನ್ನು ಪಂಚರನ್ನಾಗಿ ಕೂರಿಸಿ, ದುಭಾಷಿಯಿಂದ ಓದಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡೆ. ‘ಯಾರು?’ ಎಂಬ ಕಡೆ ‘ಭಾರೀ ವಾಹನ, ಗುರುತು ಸಿಕ್ಕಿಲ್ಲ’ ಎಂದಷ್ಟೇ ಬರೆದೆ. ಕಾಣದ್ದನ್ನು ಒಂದು ಸಲ ಬರೆದರೆ ಕಂಡದ್ದನ್ನೂ ಯಾರೂ ನಂಬುವುದಿಲ್ಲ.

ಹೀಗೆ ಎಷ್ಟೋ ಜನ ವೀಕ್ಷಕರ ಕಾಗದಗಳು ಮೇಲಕ್ಕೆ ಹೋದವು. ಆಗಸ್ಟ್ 29ರಂದು ಭದ್ರತಾ ಮಂಡಳಿ, ಬಂಡಾಯ ಹತ್ತಿಕ್ಕಲು ಆ ಹಳೆಯ ಪೊಲೀಸರಲ್ಲೇ ಕಟ್ಟಿದ್ದ ‘ಕೂಫುಟ್’ ಪಡೆಯನ್ನು ವಿಸರ್ಜಿಸಬೇಕೆಂದು 640ನೇ ನಿರ್ಣಯದಲ್ಲಿ ಒತ್ತಾಯಿಸಿತು. ಆ ಹೆಸರಿನ ಅರ್ಥ ಹಾರೆಗೋಲು. ನನ್ನ ಮೂವತ್ತೊಂದು ಗೂಟಗಳಿಂದ ಅದು ಆಯಿತೆಂದು ನಾನು ಜಂಬ ಕೊಚ್ಚುವುದಿಲ್ಲ.

ನವೆಂಬರ್ 7ರಿಂದ 11ರವರೆಗೆ, ಸಂವಿಧಾನ ಬರೆಯುವ ಸಭೆಗೆ ಮತದಾನ. ನೂರಕ್ಕೆ ತೊಂಬತ್ತೇಳಕ್ಕೂ ಹೆಚ್ಚು ಮಂದಿ ಮತ ಹಾಕಿದರು. 72 ಸ್ಥಾನಗಳಲ್ಲಿ ಸ್ವಾಪೊಗೆ 41 ಬಂದವು. ಮೂರನೇ ಎರಡರಷ್ಟು ಸಿಗದ ಕಾರಣ ಒಂದೇ ಪಕ್ಷ ತನಗೆ ಬೇಕಾದಂತೆ ಸಂವಿಧಾನ ಬರೆಯುವಂತಿರಲಿಲ್ಲ.

ಮೊದಲ ದಿನ ಬೆಳಿಗ್ಗೆ ಸರತಿಯಲ್ಲಿ ಆ ಮುದುಕಿ ಸಿಕ್ಕಳು. “ವಾ ಲಾಲಾಪೊ, ಮೇಮೇ” ಎಂದೆ. ಮೇಮೇ ಎಂದರೆ ಅಮ್ಮ. ನನ್ನ ಉಚ್ಚಾರಕ್ಕೆ ಅವಳು ನಕ್ಕಳು. ಆಮೇಲೆ ದುಭಾಷಿಯ ಕಡೆ ತಿರುಗಿ ಏನೋ ಕೇಳಿದಳು.

“ತನ್ನ ಬೇಲಿಯ ಕಾಗದ ಈಗ ಎಲ್ಲಿದೆ ಎಂದು ಕೇಳುತ್ತಿದ್ದಾರೆ” ಎಂದ ಅವನು.