ಎಳ್ಳು ಬೀರೋ ಹಬ್ಬಕ್ಕೆ ಈಗಲೇ ಕೊಬ್ಬರಿ ಹೆರೆಯಿರಿ

ಸಂಕ್ರಾಂತಿ ಬರುವುದು ಜನವರಿ 14ಕ್ಕೆ, ಇಲ್ಲವೇ 15ಕ್ಕೆ. ಆದರೆ ನಮ್ಮ ಮೈಸೂರು ಕಡೆ ಅದರ ಕೆಲಸ ಡಿಸೆಂಬರ್ ಕೊನೆಗೇ ಶುರು. ಆಗ ಮಕ್ಕಳಿಗೆ ಕ್ರಿಸ್‌ಮಸ್ ರಜ, ಊರಿಂದೂರಿಗೆ ನೆಂಟರ ಓಡಾಟ, ಕೂತು ಕೆಲಸ ಮಾಡೋ ಕೈಗಳೂ ಜಾಸ್ತಿ. ಹಬ್ಬದ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಬೆಲ್ಲ ಹೆಚ್ಚುತ್ತಾ ಕೂರುವ ಹೆಣ್ಣುಮಕ್ಕಳನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ಮಾರನೇ ದಿನ ಮನೆಗೆ ಬಂದವರ ಹತ್ತಿರ ನಾಲ್ಕು ಮಾತಾಡೋಕೆ ಅವರಿಗೆ ತ್ರಾಣ ಎಲ್ಲಿರುತ್ತೆ ಹೇಳಿ? ಒಣಗಬೇಕಾದ್ದನ್ನು ಮೊದಲು ಮುಗಿಸಿ, ಹಸಿ ಕೆಲಸ ಕೊನೆಗಿಡಿ. ನಾನು ಹೇಳೋದೆಲ್ಲ ಇಷ್ಟರೊಳಗೇ ಬರುತ್ತದೆ.

ಮೊದಲು ಕೊಬ್ಬರಿ. ತಿಪಟೂರಿನ ಕೊಬ್ಬರಿ ಸಿಕ್ಕರೆ ಬಿಡಬೇಡಿ. ಕೊಳ್ಳುವಾಗ ಗಿಟುಕು ಒಡೆಸಿ ಮೂಸಿ ನೋಡಿ. ಕಮಟು ವಾಸನೆ ಇದ್ದರೆ ಅಲ್ಲೇ ವಾಪಸ್ ಕೊಡಿ. ಒಂದು ಗಿಟುಕು ಕೆಟ್ಟರೂ ಇಡೀ ಡಬ್ಬ ಎಳ್ಳು ಹಾಳು. ಮೇಲಿನ ಕಂದು ಸಿಪ್ಪೆಯನ್ನು ಪೂರ್ತಿ ಹೆರೆದು, ತೆಳ್ಳಗೆ ಸೀಳಿ, ಸಣ್ಣಗೆ ಹೆಚ್ಚಿ, ಬಿಳಿ ಬಟ್ಟೆ ಮೇಲೆ ಎರಡು ಮೂರು ಬಿಸಿಲು ಕೊಡಿ. ಹೆರೆದ ಸಿಪ್ಪೆ ಎಸೆಯಬೇಡಿ, ಚಟ್ನಿಪುಡಿಗೆ ಆಗುತ್ತದೆ. ಮಾಗಿ ಕಾಲದಲ್ಲಿ ನಾಲ್ಕು ಗಂಟೆ ದಾಟಿದ ಮೇಲೆ ಹೊರಗೆ ಬಿಡಬಾರದು. ಸಂಜೆಯ ತಂಡಿಗೆ ಮತ್ತೆ ಮೆತ್ತಗಾಗುತ್ತದೆ.

ಬೆಲ್ಲದ ವಿಷಯದಲ್ಲಿ ಜನ ಜಾಸ್ತಿ ಎಡವುತ್ತಾರೆ. ಪಾಯಸಕ್ಕೆ ಚೆನ್ನಾಗಿರೋ ಬೆಲ್ಲ ಎಳ್ಳಿಗೆ ಆಗಲ್ಲ. ಉಗುರು ಇಳಿಯುವಷ್ಟು ಮೆತ್ತಗಿದ್ದರೆ ಬೇಡ. ಗಟ್ಟಿ ಅಚ್ಚು ಬೆಲ್ಲ ತಂದು ಅಡಕತ್ತರಿಯಲ್ಲಿ ಕತ್ತರಿಸಿದರೆ ತುಂಡು ನೀಟಾಗಿ ಬರುತ್ತದೆ, ಚಾಕುವಿನಲ್ಲಿ ಪುಡಿಯೇ ಜಾಸ್ತಿ. ಬಣ್ಣ ತೀರಾ ಬೆಳ್ಳಗಿರೋದನ್ನು ನಾನಂತೂ ತರಲ್ಲ, ಅದಕ್ಕೆ ಏನೇನು ಹಾಕಿರುತ್ತಾರೋ. ಹೆಚ್ಚಿದ ಬೆಲ್ಲಕ್ಕೂ ಬಿಸಿಲು ಬೇಕು.

ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಉಜ್ಜಿ, ಮೊರದಲ್ಲಿ ಕೇರಿ, ಬೇಳೆ ಮಾಡಿ. ಬಿಳಿ ಎಳ್ಳು ಚಟಪಟ ಅಂದ ತಕ್ಷಣ ಬಾಣಲೆಯಿಂದ ತಟ್ಟೆಗೆ ಸುರಿಯಿರಿ, ಇಲ್ಲದಿದ್ದರೆ ಕಹಿಯಾಗುತ್ತದೆ. ಹುರಿಗಡಲೆ ಸುಮ್ನೆ ಬೆಚ್ಚಗೆ ಮಾಡಿದರೆ ಸಾಕು. ಕೊಬ್ಬರಿ, ಬೆಲ್ಲ, ಕಡಲೆಕಾಯಿ ಒಂದೊಂದು ಬಟ್ಟಲಾದರೆ ಹುರಿಗಡಲೆ ಅರ್ಧ, ಎಳ್ಳು ಕಾಲು. ಹೆಸರು ಎಳ್ಳಿನದು, ಪಾಲು ಅದಕ್ಕೇ ಕಮ್ಮಿ! ಎಲ್ಲವನ್ನೂ ಬೇರೆ ಬೇರೆ ಡಬ್ಬದಲ್ಲಿಟ್ಟು, ಹಬ್ಬಕ್ಕೆ ಎರಡು ದಿನ ಇದ್ದಾಗ ಬೆರೆಸಿ. ಬಿಸಿ ಇರುವಾಗ ಬೆಲ್ಲ ಸೇರಿಸಿದರೆ ಅಂಟಂಟಾಗುತ್ತದೆ. ಪರದೇಶದಲ್ಲಿರೋ ಮಕ್ಕಳಿಗೆ ಕಳಿಸುವವರೂ ಬೆಲ್ಲವನ್ನು ಬೇರೆ ಪೊಟ್ಟಣ ಕಟ್ಟಿ, ಅಲ್ಲಿ ಹೋದ ಮೇಲೆ ಬೆರೆಸಿಕೊಳ್ಳಲಿ.

ಸಕ್ಕರೆ ಅಚ್ಚು? ಮನೆಯಲ್ಲಿ ಹಳೇ ಮರದ ಅಚ್ಚಿದ್ದು, ಜೊತೆಗೆ ಇನ್ನೊಬ್ಬರಿದ್ದರೆ ಮಾತ್ರ ಕೈ ಹಾಕಿ. ಅಚ್ಚನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಬೇಕು. ಪಾಕ ಕುದಿಯುವಾಗ ಒಂದು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ಮೇಲೆ ಬರುತ್ತದೆ, ತೆಗೆದು ಸೋಸಿ. ಪಾಕವನ್ನು ಸ್ವಲ್ಪ ಸ್ವಲ್ಪವೇ ಸಣ್ಣ ಪಾತ್ರೆಗೆ ಹಾಕಿ ತಿರುವಿ, ಬೆಳ್ಳಗಾಗುತ್ತಿದ್ದಂತೆ ಅಚ್ಚಿಗೆ ಸುರಿಯಬೇಕು. ಒಬ್ಬರು ತಿರುವುತ್ತಿದ್ದರೆ ಇನ್ನೊಬ್ಬರು ಅಚ್ಚಿಗೆ ರಬ್ಬರ್ ಬ್ಯಾಂಡ್ ಹಾಕಿ ಹಿಡಿದಿರಬೇಕು. ಮೋಡದ ದಿನ ಸರಿಯಾಗಿ ಬರಲ್ಲ. ಅಂಗಡಿಯಿಂದ ತಂದರೂ ಹಬ್ಬ ಏನೂ ಕಮ್ಮಿಯಾಗಲ್ಲ ಬಿಡಿ.

ಇನ್ನು ಅವರೆಕಾಯಿ. ಮಾಗಡಿ ಕಡೆಯ ಕಾಯಿ ಬಂತೆಂದರೆ ಬೀದಿಯೆಲ್ಲ ಸೊಗಡು. ಕೈಗೆ ಅಂಟಬೇಕು, ಮೂಗಿಗೆ ಹತ್ತಬೇಕು, ಅದೇ ಒಳ್ಳೇ ಕಾಯಿ. ತೂತು ಬಿದ್ದಿದ್ದರೆ ಒಳಗೆ ಹುಳ ಇರುತ್ತದೆ. ಹಿದುಕುಬೇಳೆಗೆ ಬಲಿತ ಕಾಳು ಆರಿಸಿ ರಾತ್ರಿ ನೆನೆಹಾಕಿ. ಮರೆತಿದ್ದರೆ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಬಿಡಿ, ಸಿಪ್ಪೆ ಜಾರುತ್ತದೆ. ಇದನ್ನು ಮಾತ್ರ ಒಬ್ಬರೇ ಕೂತು ಮಾಡಬೇಡಿ. ನಡುಮನೆಯಲ್ಲಿ ಪಾತ್ರೆ ಇಟ್ಟು ಬಂದವರನ್ನೆಲ್ಲ ಸುತ್ತ ಕೂರಿಸಿ. ಮಕ್ಕಳು ಕಾಳು ಚಿಮ್ಮಿಸಿ ಒಬ್ಬರ ಮೇಲೊಬ್ಬರು ಎಸೆಯುತ್ತಾರೆ, ಎಸೆಯಲಿ. ಫೋನಿನಲ್ಲಿ ಹೇಳದ ಎಷ್ಟೋ ವಿಷಯ ಹಿದುಕುತ್ತಾ ಕೂತಾಗ ಹೊರಗೆ ಬರುತ್ತದೆ. ಅಳಿಯಂದಿರನ್ನೂ ಕೂರಿಸಿ, ಪೇಪರ್ ಓದಿದ್ದು ಸಾಕು. ಉಳಿದ ಬೇಳೆಯನ್ನು ಡಬ್ಬದಲ್ಲಿ ತುಂಬಿ ಫ್ರೀಜರಿಗೆ ಹಾಕಿದರೆ ಇನ್ನೊಂದು ದಿನದ ಸಾರಿಗಾಯಿತು.

ಹಬ್ಬದ ಬೆಳಿಗ್ಗೆಗೆ ಉಳಿಯೋದು ಪೊಂಗಲ್ ಮತ್ತು ಗೊಜ್ಜು ಮಾತ್ರ. ಒಂದು ಲೋಟ ಅಕ್ಕಿಗೆ ಮುಕ್ಕಾಲು ಲೋಟ ಹುರಿದ ಹೆಸರುಬೇಳೆ, ಆರು ಲೋಟ ನೀರು. ಒಟ್ಟಿಗೆ ಬೇಯಿಸಿ ಎರಡು ಪಾಲು ಮಾಡಿ. ಒಂದಕ್ಕೆ ಮೆಣಸು, ಜೀರಿಗೆ, ಶುಂಠಿಯ ಒಗ್ಗರಣೆ. ಇನ್ನೊಂದಕ್ಕೆ ಕರಗಿಸಿ ಸೋಸಿದ ಬೆಲ್ಲ. ಅಕ್ಕಿ ಪೂರ್ತಿ ಬೇಯುವ ಮೊದಲು ಬೆಲ್ಲ ಹಾಕಿದರೆ ಆಮೇಲೆ ಎಷ್ಟು ಕುದಿಸಿದರೂ ಬೇಯಲ್ಲ. ಹಾಲು ಬೇಕಿದ್ದರೆ ಅಕ್ಕಿ ಬೇಯುವಾಗಲೇ ಹಾಕಿ, ಬೆಲ್ಲದ ಮೇಲೆ ಸುರಿದರೆ ಒಡೆಯುತ್ತದೆ. ಪೊಂಗಲ್ ಹೊತ್ತು ಹೋದಂತೆ ಗಟ್ಟಿಯಾಗುತ್ತದೆ, ಪಕ್ಕದಲ್ಲಿ ಬಿಸಿನೀರು ಇಟ್ಟಿರಿ. ಬಿಜಾಪುರ ಕಡೆಯವರು ಪಕ್ಕದ ಮನೆಯಲ್ಲಿದ್ದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಾದಲಿ ಅಲ್ಲಿಂದ ಬರುತ್ತದೆ, ನಿಮ್ಮ ಪೊಂಗಲ್ ಅಲ್ಲಿಗೆ ಹೋಗಲಿ.

ಸಂಜೆ ಎಳ್ಳು ಬೀರೋಕೆ ಹೊರಡುವ ಮೊದಲೇ ಪೊಟ್ಟಣ ಕಟ್ಟಿಟ್ಟಿರಿ. ಕಬ್ಬಿನ ತುಂಡು, ಬಾಳೆಹಣ್ಣು, ಸಕ್ಕರೆ ಅಚ್ಚು, ಎಲೆಅಡಿಕೆ ತಟ್ಟೆಯಲ್ಲಿ ಬೇರೆ ಇರಲಿ. ಸಕ್ಕರೆ ಕಾಯಿಲೆ ಇರುವವರ ಮನೆಗೆ ಬೇಯಿಸಿದ ಕಡಲೆಕಾಯಿ, ಅವರೆಕಾಯಿ ಕೊಡಿ, ಬೇಜಾರು ಮಾಡಿಕೊಳ್ಳಲ್ಲ. ಚಿಕ್ಕ ಮಕ್ಕಳ ಕೈಗೆ ಎಳ್ಳಿನ ಪೊಟ್ಟಣ ಕೊಡಬೇಡಿ. ಕಡಲೆಕಾಯಿ, ಕೊಬ್ಬರಿ ತುಂಡು ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ. ಎಲಚಿ ಹಣ್ಣು, ಕಬ್ಬು, ಕಾಸು ಸೇರಿಸಿ ಮಗುವಿನ ತಲೆ ಮೇಲೆ ಎರೆದಾಗಲೂ ಮೊದಲು ಕಾಸು ಹೆಕ್ಕಿಕೊಳ್ಳಿ, ಆಮೇಲೆ ಫೋಟೋ.

ಹತ್ತು ಮನೆಯ ಎಳ್ಳು ಬಂದು ಬಿದ್ದಿರುತ್ತಲ್ಲ, ಅದನ್ನು ಕೆಲಸದವಳಿಗೆ ಸುರಿದು ಕೈ ತೊಳೆದುಕೊಳ್ಳೋದು ಸರಿಯಲ್ಲ. ಅವಳಿಗೆ ಚೆನ್ನಾಗಿರೋದನ್ನು ಮೊದಲೇ ಎತ್ತಿಡಿ. ಉಳಿದದ್ದನ್ನು ಮಿಕ್ಸಿಯಲ್ಲಿ ತರಿತರಿಯಾಗಿ ತಿರುವಿದರೆ ಕೊಬ್ಬರಿಯ ಎಣ್ಣೆ, ಬೆಲ್ಲದ ಅಂಟು ಸೇರಿ ಹಾಗೇ ಉಂಡೆ ಕಟ್ಟಬಹುದು. ಏಲಕ್ಕಿ ಒಂದು ಚಿಟಿಕೆ ಹಾಕಿ. ರಜ ಮುಗಿಸಿ ಊರಿಗೆ ಹೊರಟ ಮಕ್ಕಳ ಚೀಲಕ್ಕೆ ಒಂದು ಡಬ್ಬ ಸೇರಿಸಿ ಕಳಿಸಿ. ಡಬ್ಬ ಮಾತ್ರ ವಾಪಸ್ ತರೋಕೆ ಹೇಳಿ.