ಮೊದಲು ಪಾಸ್‌ಬುಕ್ ತೆಗೀರಿ

ಒಂದು ಸಂಸ್ಥೆಯ ಲೆಕ್ಕವನ್ನು ಇನ್ನೊಂದು ಸಂಸ್ಥೆಯವರೇ ಹೋಗಿ ನೋಡಬೇಕು ಅಂದಾಗ "ಅದೆಲ್ಲಾ ರೆಡ್ ಕ್ರಾಸ್‌ನವರಿಗೆ ಸರಿ, ನಮ್ಮ ಕುಷ್ಟಗಿ, ಮಸ್ಕಿ ಕಡೆ ನಡೆಯಂಗಿಲ್ರಿ ಸರ" ಅಂತ ನಕ್ಕವರೇ ಈಗ ಫೋನ್ ಮಾಡಿ "ನಿಮ್ಮ ತಪಾಸಣೆ ಫಾರ್ಮ್ ಕಳಸ್ರಿ" ಅಂತಿದ್ದಾರೆ. ಫಾರ್ಮ್ ಇಲ್ಲ. ಇದ್ದ ಫಾರ್ಮನ್ನು ಕಟ್ಟಿ ಅಟ್ಟಕ್ಕೆ ಹಾಕಿದ ಮೇಲೇ ಕೆಲಸ ಶುರುವಾಗಿದ್ದು.

ನಮ್ಮದು ಕೊಪ್ಪಳ, ರಾಯಚೂರು ಜಿಲ್ಲೆಗಳ ಸಣ್ಣ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟ, ಶುರುವಿನಲ್ಲಿ 14 ಇದ್ದವು. ನಾನು ಕಾರ್ಯದರ್ಶಿ. ಎಲ್ಲರ ಲೆಟರ್‌ಹೆಡ್ ಮೇಲೂ ಒಕ್ಕೂಟದ ಹೆಸರಿದೆ. ಒಬ್ಬರು ಎಡವಿದರೆ ಉಳಿದವರ ಮುಖಕ್ಕೂ ಮಸಿ. ಬ್ರಿಟನ್ನಿನ ದೊಡ್ಡ ನೆರವು ಸಂಸ್ಥೆ ಆಕ್ಸ್‌ಫಾಮ್‌ನ ಕಥೆ ನೆನಪಿದೆ ಅಲ್ವಾ? ಹೈಟಿಯಲ್ಲಿ ಕೆಲವು ಸಿಬ್ಬಂದಿ ಮಾಡಿದ ಹೊಲಸು ಕೆಲಸ 2018ರಲ್ಲಿ ಬಯಲಾಯಿತು. ಬ್ರಿಟನ್ನಿನಲ್ಲಿ ಸಾವಿರಾರು ಜನ ದೇಣಿಗೆ ನಿಲ್ಲಿಸಿದರು.

ನಾವು ಮೊದಲು 60 ಚಿಲ್ಲರೆ ಪ್ರಶ್ನೆಗಳ ಪಟ್ಟಿ ಕೊಟ್ಟು, ನಿಮ್ಮ ಅಂಕ ನೀವೇ ಹಾಕಿಕೊಳ್ಳಿ ಅಂದೆವು. ಎಂಟು ತಿಂಗಳು ನಗದು ಪುಸ್ತಕವನ್ನೇ ಬರೆಯದ ಸಂಸ್ಥೆ ತನಗೆ 97 ಕೊಟ್ಟುಕೊಂಡಿತು! ಆಮೇಲೆ ಹೊರಗಿನಿಂದ ಒಬ್ಬ ಆಡಿಟರ್‌ರನ್ನು ಕರೆಸಿದೆವು. ಫೀಸು, ಕಾರು, ಲಾಡ್ಜು ಸೇರಿ ಸುಮಾರು 45 ಸಾವಿರ ಹೋಯಿತು. ಬಂದದ್ದು ಇಂಗ್ಲಿಷಿನ ದಪ್ಪ ವರದಿ. ಯಾರೂ ಓದಲಿಲ್ಲ, ನಾನೂ ಪೂರ್ತಿ ಓದಿಲ್ಲ. ಲೆಕ್ಕ ತಡವಾದರೆ 500 ರೂಪಾಯಿ ದಂಡ ಅಂತಲೂ ಮಾಡಿದೆವು. ವರ್ಷಕ್ಕೆ ಒಟ್ಟು ಸಾವಿರ ರೂಪಾಯಿ ಬಂತು. ಕಟ್ಟಿದವರು ನಮ್ಮಲ್ಲೇ ಪ್ರಾಮಾಣಿಕರಾದ ಇಬ್ಬರು.

ಕೊನೆಗೆ ಸಿಟ್ಟಿನಲ್ಲಿ ಒಂದು ಸಂಸ್ಥೆಯನ್ನು ಹೊರಗೆ ಹಾಕಿದೆ. ಅವರು ಹೋಗುವಾಗ ಇನ್ನೆರಡನ್ನು ಕರಕೊಂಡು ಹೋದರು. 14 ಇದ್ದದ್ದು 11 ಆಯಿತು. ಅದು ನನ್ನದೇ ತಪ್ಪು.

ಹಣ ತಡೆಹಿಡಿಯೋಣ ಅಂದರೆ ಆ ದಾರಿಯೂ ಇಲ್ಲ. ವಿದೇಶಿ ದೇಣಿಗೆ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ತಿದ್ದುಪಡಿ ಆದಮೇಲೆ ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ. ನಾವು ಕೊಡುವುದೇ ಇಲ್ಲ ಅಂದಮೇಲೆ ತಡೆಯುವುದು ಏನನ್ನು? ಕೈಯಲ್ಲಿ ಉಳಿದದ್ದು ಹೆಸರು ಒಂದೇ.

ಆಗ ದೊಡ್ಡವರು ಹೇಗೆ ಮಾಡುತ್ತಾರೆ ಅಂತ ನೋಡಿದೆ. ಬೇರೆ ಬೇರೆ ದೇಶಗಳ ರೆಡ್ ಕ್ರಾಸ್ ಸಂಸ್ಥೆಗಳ ಒಕ್ಕೂಟದಲ್ಲಿ ಸದಸ್ಯರು ಮೊದಲು ತಮ್ಮ ಅಂಕ ತಾವೇ ಹಾಕಿಕೊಂಡರೂ, ಆಮೇಲೆ ಓರಗೆಯವರು ಬಂದು ನೋಡುವ ಪದ್ಧತಿ ಇದೆ. ಬೆಲಾರೂಸ್ ದೇಶದ ಪ್ರಕರಣ ನನ್ನ ಕಣ್ಣು ತೆರೆಸಿತು. ಅಲ್ಲಿನ ರೆಡ್ ಕ್ರಾಸ್ ಮುಖ್ಯಸ್ಥರನ್ನು 2023ರ ನವೆಂಬರ್ 30ರೊಳಗೆ ತೆಗೆಯಿರಿ ಅಂತ ಆ ಒಕ್ಕೂಟದವರು ಗಡುವು ಕೊಟ್ಟರು. ತೆಗೆಯಲಿಲ್ಲ. ಮರುದಿನವೇ ಬೆಲಾರೂಸ್ ಸಂಸ್ಥೆ ಅಮಾನತು. ಸದಸ್ಯತ್ವದ ಹಕ್ಕು ಹೋಯಿತು, ಹೊಸ ಹಣ ನಿಂತಿತು. ಆದರೆ ಉಚ್ಚಾಟನೆ ಅಲ್ಲ. ಬಾಗಿಲಿಗೆ ಚಿಲಕ ಹಾಕಿದರು, ಗೋಡೆ ಕಟ್ಟಲಿಲ್ಲ.

ಓರಗೆಯವರ ಭೇಟಿ, ಅಮಾನತು, ಎರಡನ್ನೂ ನಮ್ಮಲ್ಲಿಗೆ ಇಳಿಸಿಕೊಂಡೆವು. ಒಂದು ಸಂಸ್ಥೆಗೆ ಇನ್ನೊಂದರ ಖಜಾಂಚಿ ಮತ್ತು ಒಬ್ಬ ಕ್ಷೇತ್ರ ಕಾರ್ಯಕರ್ತೆ ಹೋಗಬೇಕು. ನಿರ್ದೇಶಕರು ಬೇಡ, ಅವರು ಹೋದರೆ ಚಹಾ ಕುಡಿದು ಬರುತ್ತಾರೆ. ಮೊದಲ ಮೂರು ಭೇಟಿ ಕೆಟ್ಟವು. ಇವರು ಅವರಲ್ಲಿಗೆ, ಅವರು ಇವರಲ್ಲಿಗೆ ಅಂತ ಜೋಡಿ ಮಾಡಿದ್ದೆ. "ನೀ ನಂದು ಮುಚ್ಚು, ನಾ ನಿಂದು ಮುಚ್ಚತೀನಿ" ಆಯಿತು. ಆಮೇಲೆ ಸರಪಳಿ ಮಾಡಿದೆ. ಲಿಂಗಸುಗೂರಿನವರು ಯಲಬುರ್ಗಾಕ್ಕೆ, ಯಲಬುರ್ಗಾದವರು ಸಿಂಧನೂರಿಗೆ. ಯಾರಿಗೂ ಮುಯ್ಯಿಗೆ ಮುಯ್ಯಿ ಇಲ್ಲ.

ಮೊದಲು ಪಾಸ್‌ಬುಕ್, ನಂತರ ಪೆಟ್ಟಿಗೆಯ ನಗದು, ಆಮೇಲೆ ಊರಿಗೆ ಹೋಗಿ ಹೆಣ್ಣುಮಕ್ಕಳ ಹತ್ತಿರ ಮೂರು ಪ್ರಶ್ನೆ. ಆ ಮೂರು ಯಾವುವು ಅಂತ ಹೇಳುವುದಿಲ್ಲ, ನಮ್ಮ ಸದಸ್ಯರೂ ಇದನ್ನು ಓದುತ್ತಾರೆ. ಬಸ್ ಚಾರ್ಜು, ರೊಟ್ಟಿ ಊಟ ಸೇರಿ ಒಂದು ಭೇಟಿಗೆ 600-700 ರೂಪಾಯಿ. ಸಂಸ್ಥೆಗೆ ವರ್ಷಕ್ಕೆ ಎರಡು ಭೇಟಿ. ಎಲ್ಲ ಸಂಸ್ಥೆಗಳದ್ದೂ ಸೇರಿ ಒಟ್ಟು ಖರ್ಚು 15 ಸಾವಿರದ ಆಸುಪಾಸು.

ತಪ್ಪಿದರೆ 90 ದಿನ ಅಮಾನತು. ಲೆಟರ್‌ಹೆಡ್ ವಾಪಸ್, ಮತ ಇಲ್ಲ. ಆದರೆ ಸಭೆಯಲ್ಲಿ ಕುರ್ಚಿ ಇರುತ್ತದೆ. ಆ ಕುರ್ಚಿಯೇ ಮುಖ್ಯ. ಎಲ್ಲರ ಮುಂದೆ ಸುಮ್ನೆ ಕೂರುವುದು ದಂಡಕ್ಕಿಂತ ಕಷ್ಟ. ಮೊದಲು ಅಮಾನತಾದವರು ಎಪ್ಪತ್ತನೇ ದಿನದ ಹೊತ್ತಿಗೆ ಪುಸ್ತಕಗಳನ್ನೆಲ್ಲಾ ಗೋಣಿಚೀಲದಲ್ಲಿ ತುಂಬಿಕೊಂಡು ಬಂದರು. ಬಿಟ್ಟು ಹೋಗಿದ್ದ ಮೂವರಲ್ಲಿ ಒಬ್ಬರು ಮತ್ತೆ ಸೇರಿದ್ದಾರೆ.

ನಡುವೆ ಒಂದು ದೂರು ಪೆಟ್ಟಿಗೆ ಇಟ್ಟಿದ್ದೆ. ಅದರಲ್ಲಿ ಸಿಕ್ಕಿದ್ದು ಒಂದು ಮದುವೆ ಆಮಂತ್ರಣ. ಪೆಟ್ಟಿಗೆ ತೆಗೆದು ಗೋಡೆ ಮೇಲೆ ಫೋನ್ ನಂಬರ್ ಬರೆಸಿದೆ. ಮೊದಲ ತಿಂಗಳು ಎಲ್ಲರೂ ರೇಷನ್ ಕಾರ್ಡ್ ಬಗ್ಗೆಯೇ ಕೇಳಿದರು. ವರ್ಷದಲ್ಲಿ ನಿಜವಾದ ದೂರು ನಾಲ್ಕೋ ಐದೋ. ಅದರಲ್ಲಿ ಒಂದು ನನ್ನ ಮೇಲೇ, ಪ್ರಯಾಣದ ಬಿಲ್ ಎರಡು ಸಲ ಹಾಕಿದ್ದೆ ಅಂತ. ನೋಡಿದರೆ ನಿಜ. 1,140 ರೂಪಾಯಿ ವಾಪಸ್ ಕಟ್ಟಿದೆ, ಸಭೆಯಲ್ಲೇ. ಅಲ್ಲಿಂದ ಮುಂದೆ ಭೇಟಿಗೆ ಬಂದವರಿಗೆ ಯಾರೂ "ಬೀಗದ ಕೈ ಊರಲ್ಲಿದೆ" ಅನ್ನಲಿಲ್ಲ.

ಗೋಣಿಚೀಲ ಹೊತ್ತು ಬಂದ ಸಂಸ್ಥೆಯ ಖಜಾಂಚಿ ಅಕ್ಕ ಈಗ ನಮ್ಮಲ್ಲಿ ಎಲ್ಲರೂ ಹೆದರುವ ತಪಾಸಣೆಗಾರ್ತಿ. ಮುಂದಿನ ವಾರ ಅವರು ಬರುತ್ತಿರುವುದು ನನ್ನ ಆಫೀಸಿಗೇ. ಮಾರ್ಚ್ ತಿಂಗಳ ಒಂದು ಡೀಸೆಲ್ ಬಿಲ್ ಇನ್ನೂ ಸಿಕ್ಕಿಲ್ಲ.