ಬಣ್ಣ ಸರಿಯಾಗಿತ್ತು, ಬಿಂಬ ಕೆಟ್ಟಿತ್ತು: ಜೋಡಿ ಮಸೂರವೊಂದನ್ನು ಬಿಚ್ಚಿ ಕೂಡಿಸಿದ ಅನುಭವ

ನಾನು ಕಟ್ಟಿದ ಮೊದಲ ದೂರದರ್ಶಕಕ್ಕೆ ಕನ್ನಡಕದ ಅಂಗಡಿಯಿಂದ ತಂದ +1.00 ಪವರಿನ ಪ್ಲಾಸ್ಟಿಕ್ ಮಸೂರವೇ ವಸ್ತುಮಸೂರ, ಅಂದರೆ ಆಕಾಶದ ಕಡೆಗಿರುವ ಮುಂದಿನ ಮಸೂರವಾಗಿತ್ತು. ಪಿವಿಸಿ ಪೈಪಿನಲ್ಲಿ ಅದನ್ನು ಕೂರಿಸಿ ಚಂದ್ರನನ್ನು ನೋಡಿದಾಗ ಕುಳಿಗಳು ಕಂಡವು. ಆದರೆ ಚಂದ್ರನ ಅಂಚಿನ ಸುತ್ತ ನೇರಳೆ ಬಣ್ಣದ ಹೊಗೆಯೂ ಕಂಡಿತು. ಐಪೀಸಿನ (ಕಣ್ಣಿಡುವ ಕಡೆಯ ಮಸೂರದ) ಮುಂದೆ ಕೆಂಪು ಜಿಲೆಟಿನ್ ಹಾಳೆಯನ್ನಿಟ್ಟು ದೂರದ ಬೀದಿದೀಪವನ್ನು ಸ್ಫುಟಗೊಳಿಸಿ, ಆಮೇಲೆ ನೀಲಿ ಹಾಳೆಯನ್ನಿಟ್ಟರೆ, ಮತ್ತೆ ಸ್ಫುಟವಾಗಲು ಐಪೀಸನ್ನು ಸುಮಾರು ಒಂದೂವರೆ ಸೆಂಟಿಮೀಟರ್ ಒಳಕ್ಕೆ ತಳ್ಳಬೇಕಾಗುತ್ತಿತ್ತು. ಮಸೂರದಿಂದ ಬೆಳಕು ಒಂದೆಡೆ ಸೇರುವ ಜಾಗದವರೆಗಿನ ಸಂಗಮದೂರವನ್ನು ಅಬ್ಬೆ ಸಂಖ್ಯೆಯಿಂದ (ಇದು ಕಡಿಮೆಯಿದ್ದಷ್ಟೂ ಗಾಜು ಬಣ್ಣಗಳನ್ನು ಹೆಚ್ಚು ಚದುರಿಸುತ್ತದೆ) ಭಾಗಿಸಿದರೆ ಕೆಂಪು ಮತ್ತು ನೀಲಿ ಸಂಗಮಗಳ ಅಂತರ ಸಿಗುತ್ತದೆ. ಆ ಪ್ಲಾಸ್ಟಿಕ್‌ನ ಅಬ್ಬೆ ಸಂಖ್ಯೆ ಸುಮಾರು 58 ಆದ್ದರಿಂದ 1000 ಮಿ.ಮೀ. ಸಂಗಮದೂರಕ್ಕೆ ಈ ಅಂತರ 17 ಮಿ.ಮೀ. ಜಿಲೆಟಿನ್ ಹಾಳೆಯಿಂದ ಮಾಡಿದ ಅಳತೆ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದದ್ದೇ ನನಗೆ ಸಂಭ್ರಮವಾಗಿತ್ತು.

ಈ ದೋಷವನ್ನು ಮಸೂರದಿಂದ ನೀಗಿಸಲಾಗದೆಂದು ನಂಬಿದ ನ್ಯೂಟನ್ 1668ರಲ್ಲಿ ಕನ್ನಡಿಯ ದೂರದರ್ಶಕದತ್ತ ಹೊರಳಿದ. ಒಂದೇ ಗಾಜಿನಲ್ಲಿ ಪೀನ ಮಸೂರವನ್ನೂ ಅಷ್ಟೇ ಬಲದ ನಿಮ್ನ ಮಸೂರವನ್ನೂ ಮಾಡಿ ಸೇರಿಸಿದರೆ ಬಣ್ಣವೇನೋ ಅಳಿಯುತ್ತದೆ, ಆದರೆ ಅದರೊಂದಿಗೆ ಮಸೂರದ ಬಲವೂ ಅಳಿದು ಕಿಟಕಿಯ ಗಾಜಿನಂತಾಗುತ್ತದೆ. ದಾರಿ ತೆರೆಯುವುದು ಗಾಜುಗಳು ಬೇರೆಬೇರೆಯಾದಾಗ ಮಾತ್ರ. ಬಿಕೆ7 ಎಂಬ ಕ್ರೌನ್ ಗಾಜಿನ ಅಬ್ಬೆ ಸಂಖ್ಯೆ 64.2; ಎಫ್2 ಎಂಬ ಫ್ಲಿಂಟ್ ಗಾಜಿನದು 36.4. ಅಂದರೆ ಬೆಳಕನ್ನು ಒಂದೇ ಅಳತೆಯಲ್ಲಿ ಬಾಗಿಸುವಾಗ ಫ್ಲಿಂಟ್ ಗಾಜು ಬಣ್ಣಗಳನ್ನು ಹೆಚ್ಚುಕಡಿಮೆ ಎರಡರಷ್ಟು ಚದುರಿಸುತ್ತದೆ. ಒಂದು ಡಯಾಪ್ಟರ್ (ಮಸೂರದ ಬಲದ ಮಾನ; 1000 ಮಿ.ಮೀ. ಸಂಗಮದೂರವೆಂದರೆ ಒಂದು ಡಯಾಪ್ಟರ್) ಬಲದ ಜೋಡಿಗೆ ಕ್ರೌನ್ +2.31, ಫ್ಲಿಂಟ್ −1.31 ಡಯಾಪ್ಟರ್ ಇರಬೇಕು. ಎರಡನ್ನೂ ಅವುಗಳ ಅಬ್ಬೆ ಸಂಖ್ಯೆಯಿಂದ ಭಾಗಿಸಿದರೆ ಎರಡು ಕಡೆಯೂ 0.036 ಬರುತ್ತದೆ, ಚಿಹ್ನೆ ಮಾತ್ರ ವಿರುದ್ಧ. ಬಣ್ಣದ ಸಾಲ ತೀರಿತು, ಬಲದಲ್ಲಿ ಒಂದು ಡಯಾಪ್ಟರ್ ಉಳಿಯಿತು.

ಈ ಲೆಕ್ಕ ನನಗೆ ಬಾಯಿಗೆ ಬರುತ್ತಿತ್ತು, ಆದರೆ ಅದರ ಅರ್ಥ ತಿಳಿದದ್ದು ನನ್ನದೇ ತಪ್ಪಿನಿಂದ. ಬಳಸಿದ ದೂರದರ್ಶಕವೊಂದನ್ನು ಕೊಂಡಿದ್ದೆ, 80 ಮಿ.ಮೀ. ವ್ಯಾಸ, 1000 ಮಿ.ಮೀ. ಸಂಗಮದೂರ, ನಡುವೆ ಗಾಳಿಯ ತೆಳು ಸಂದಿಯಿರುವ ಜೋಡಿ ಮಸೂರ. ಮಲೆನಾಡಿನ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಸಂದಿಯೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತು. ಬಿಚ್ಚುವ ಮುನ್ನ ಮಸೂರಗಳ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಬೇಕೆಂಬುದು ಗೊತ್ತಿದ್ದೂ ಅವಸರದಲ್ಲಿ ಹಾಕಲಿಲ್ಲ. ಎರಡನ್ನೂ ತೊಳೆದು ಒರೆಸಿ, ಸಂದಿಯನ್ನು ಕಾಯುವ, ಅಂಚಿನ ಮೂರು ತವರದ ಚೂರುಗಳನ್ನು ಇದ್ದಲ್ಲೇ ಇಟ್ಟು ಕೂಡಿಸಿದೆ. ರಾತ್ರಿ ನೋಡಿದರೆ ಯಾವ ನಕ್ಷತ್ರವೂ ಚುಕ್ಕೆಯಾಗಲಿಲ್ಲ, ಎಲ್ಲವೂ ಹತ್ತಿಯ ಉಂಡೆಗಳಂತಿದ್ದವು.

ಕ್ರೌನ್ ಮಸೂರವನ್ನು ತಿರುಗುಮುರುಗಾಗಿ ಇಟ್ಟಿರಬೇಕೆಂಬ ಅನುಮಾನ ಬಂತು. ಹಾಗಿದ್ದರೆ ಬಣ್ಣದ ತಿದ್ದುವಿಕೆಯೂ ಕೆಟ್ಟಿರಬೇಕೆಂದುಕೊಂಡೆ. ಪರೀಕ್ಷಿಸಲು ರಟ್ಟಿನಲ್ಲಿ 30 ಮಿ.ಮೀ. ರಂಧ್ರ ಕೊರೆದು ಮಸೂರದ ಮುಂದಿಟ್ಟೆ. ಚಂದ್ರನ ಬಿಂಬ ಚೊಕ್ಕಟವಾಯಿತು. ಅಂಚಿನಲ್ಲಿ ನೇರಳೆಯ ಸುಳಿವೇ ಇರಲಿಲ್ಲ. ಕೆಂಪು ಹಾಳೆಯಲ್ಲಾಗಲಿ ನೀಲಿ ಹಾಳೆಯಲ್ಲಾಗಲಿ ಐಪೀಸನ್ನು ಕದಲಿಸಬೇಕಾಗಲಿಲ್ಲ. ತೆಳು ಮಸೂರವನ್ನು ಯಾವ ಮುಖ ಮುಂದಾಗಿ ಇಟ್ಟರೂ ಅದರ ಬಲ ಬದಲಾಗುವುದಿಲ್ಲ, ಗಾಜೂ ಬದಲಾಗುವುದಿಲ್ಲ. ಬಣ್ಣದ ಲೆಕ್ಕದಲ್ಲಿ ಇರುವುದು ಅವೆರಡೇ. ಕೆಟ್ಟದ್ದು ಗೋಳೀಯ ದೋಷದ ಹೊಂದಾಣಿಕೆ. ಅಂಚಿನಿಂದ ಬಂದ ಕಿರಣವೂ ನಡುವಿನಿಂದ ಬಂದ ಕಿರಣವೂ ಒಂದೇ ಕಡೆ ಸೇರಬೇಕಾದರೆ ಪ್ರತಿ ಮೇಲ್ಮೈ ಎಷ್ಟು ಬಾಗಿದೆ, ಯಾವ ಕಡೆಗೆ ಬಾಗಿದೆ ಎಂಬುದು ಮುಖ್ಯವಾಗುತ್ತದೆ. ಬಲಗಳನ್ನು ಬಣ್ಣಕ್ಕಾಗಿ ನಿಗದಿಮಾಡಿದ ಮೇಲೂ ಬಾಗುಗಳನ್ನು ಹಂಚಿಕೊಳ್ಳುವ ಸ್ವಾತಂತ್ರ್ಯ ಮಸೂರ ರೂಪಿಸುವವರಿಗೆ ಉಳಿದಿರುತ್ತದೆ, ಆ ಸ್ವಾತಂತ್ರ್ಯವನ್ನು ಅವರು ಖರ್ಚುಮಾಡುವುದು ಇಲ್ಲಿಯೇ. ಅವರು ಲೆಕ್ಕಹಾಕಿ ಮಾಡಿದ್ದನ್ನು ನಾನು ಒಂದೇ ತಿರುವಿನಲ್ಲಿ ಹಾಳುಮಾಡಿದ್ದೆ.

ಸರಿಪಡಿಸಲು ಉಪಕರಣವೇನೂ ಬೇಕಾಗಲಿಲ್ಲ. ಕ್ರೌನ್ ಮಸೂರದ ಎರಡೂ ಮುಖಗಳಲ್ಲಿ ಟ್ಯೂಬ್‌ಲೈಟಿನ ಪ್ರತಿಫಲನ ನೋಡಿದೆ. ಹೆಚ್ಚು ಉಬ್ಬಿದ ಮುಖದಲ್ಲಿ ದೀಪ ಚಿಕ್ಕದಾಗಿ ಕಾಣುತ್ತದೆ. ಕ್ರೌನ್ ಮುಂದಿರುವ ಇಂಥ ಜೋಡಿಗಳಲ್ಲಿ ಆ ಹೆಚ್ಚು ಉಬ್ಬಿದ ಮುಖವೇ ಫ್ಲಿಂಟ್‌ನ ಕುಳಿಗೆ ಎದುರಾಗಿ, ಬಹುತೇಕ ಅದೇ ಬಾಗಿನಲ್ಲಿ ಕೂರುತ್ತದೆ. ಹಾಗೆ ಕೂರಿಸಿದ ಮೇಲೆ ಒಂದರ ಮೇಲೊಂದನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ನಕ್ಷತ್ರ ಅತ್ಯಂತ ದುಂಡಾಗಿ ಕಂಡ ಸ್ಥಾನದಲ್ಲಿ ನಿಲ್ಲಿಸಿ, ಎರಡೂ ಅಂಚುಗಳನ್ನು ದಾಟಿ ಹೋಗುವಂತೆ ಬಾಣದ ಗುರುತು ಬರೆದೆ.

ಈಗಲೂ ಅಭಿಜಿತ್ ನಕ್ಷತ್ರದ ಸುತ್ತ ತೆಳುವಾದ ನೇರಳೆ ಪ್ರಭೆಯಿದೆ. ಇದು ಜೋಡಣೆಯ ತಪ್ಪಲ್ಲ. ಎರಡು ಗಾಜುಗಳು ಎರಡು ಬಣ್ಣಗಳನ್ನಷ್ಟೇ ಒಂದೆಡೆ ಸೇರಿಸಬಲ್ಲವು. ಕೆಂಪು ಮತ್ತು ನೀಲಿ ಕೂಡಿದ ಜಾಗಕ್ಕಿಂತ ಹಸಿರು ಸುಮಾರು ಅರ್ಧ ಮಿಲಿಮೀಟರ್ ಮುಂಚೆಯೇ ಸೇರುತ್ತದೆ, ನೇರಳೆ ಇನ್ನೂ ಆಚೆಗೆ ಸೇರುತ್ತದೆ. ಶುಕ್ರನನ್ನು ನೋಡುವಾಗ ಈ ಪ್ರಭೆ ಕಣ್ಣಿಗೆ ಚುಚ್ಚಿದರೆ ಐಪೀಸಿಗೆ ತಿಳಿಹಳದಿ ಫಿಲ್ಟರ್ ಹಾಕಿಕೊಳ್ಳುತ್ತೇನೆ. ಮಳೆಗಾಲದಲ್ಲಿ ದೂರದರ್ಶಕ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿರುತ್ತದೆ.